ಅಡ್ಡಿಯಿಲ್ಲ ಅಂದರೆ ಎಷ್ಟು?

ಜನವರಿ 9, 2023. ಸೋಮವಾರ

ಮತ್ತೆ ಅದೇ ಫೈಲು. ಚಹಾ ಆರಿಹೋಯಿತು. ಇಲ್ಲಿ ಅಮೆರಿಕದ ಎಲಿಕಾಟ್ ಸಿಟಿ, ಕೊಲಂಬಿಯಾ ಕಡೆಯ ಕನ್ನಡದ ಹಿರಿಯರಿಗೆ ಸರ್ವೆಯಲ್ಲಿ ನಾವು ಕೇಳಿದ ಪ್ರಶ್ನೆ — "ನಿಮ್ಮ ಜೀವನ ಹೇಗಿದೆ?" ಒಂದು ಅಂದರೆ ಬಹಳ ಕಷ್ಟ, ಐದು ಅಂದರೆ ಬಹಳ ಸುಖ. ನಡುವಿನ ಮೂರಕ್ಕೆ ಸರ್ವೆ ಕಮಿಟಿಯವರು ಇಟ್ಟ ಪದ "ಅಡ್ಡಿಯಿಲ್ಲ". ನಮ್ಮ ಉತ್ತರ ಕರ್ನಾಟಕದವರೆಲ್ಲ ಮೂರಕ್ಕೇ ಟಿಕ್ ಹಾಕಿದ್ದಾರೆ. ಎಲ್ಲರೂ! ಗಂಡ ಹೋಗಿ ವರ್ಷ ತುಂಬದವರೂ, ಮೊನ್ನೆ ಮೊಮ್ಮಗನ ಮದುವೆ ಮಾಡಿದವರೂ. ಎಲ್ಲರದೂ ಒಂದೇ ಅಂಕವಾದರೆ ಗಣಿತಕ್ಕೆ ಅಳೆಯಲು ಏನುಳಿಯಿತು? ಮಣ್ಣು.

ಪ್ರಾಜೆಕ್ಟ್ ಹೆಡ್ ಕಾತ್ಯಾಯಿನಿ ಮೈಸೂರಿನವರು. ಝೂಮ್‌ನಲ್ಲಿ ಅಂದರು: "ಶ್ರೀದೇವಿ, ಈ ಗ್ರೂಪನ್ನ ಡ್ರಾಪ್ ಮಾಡೋಣ. ಮಾರ್ಚ್‌ಗೆ ರಿಪೋರ್ಟ್ ಕೌಂಟಿ ಸರ್ಕಾರಕ್ಕೆ ಕೊಡ್ಬೇಕು. ಸ್ಕೋರ್ ಕಮ್ಮಿ ಇರೋರಿಗೆ ಕೌನ್ಸೆಲರ್ ಫೋನ್ ಮಾಡ್ತಾರೆ, ಅಷ್ಟೇ."

ಅಷ್ಟೇ ಅಂತೆ. ಡ್ರಾಪ್ ಮಾಡಿದರೆ ನಮ್ಮವರಿಗೆ ಆ ಫೋನ್ ಬರುವುದೇ ಇಲ್ಲ. ಬಿಡುವುದಿಲ್ಲ ನಾನು.

ಜನವರಿ 11

ಅತ್ತೆ ಶಾಂತಾಬಾಯಿ — ನಮ್ಮ ಜೊತೆಯೇ ಇದ್ದಾರೆ — ಫೋನಿನಲ್ಲಿ ವಿಜಯಪುರದ ತಂಗಿಯೊಡನೆ. ಆ ತಂಗಿಗೆ ಮೊಣಕಾಲಿನ ಆಪರೇಷನ್ ಆಗಿದೆ. "ಹೆಂಗದ ಕಾಲು? ಅಡ್ಡಿಯಿಲ್ಲಾ? ನಂದೂ ಅಡ್ಡಿಯಿಲ್ಲ ಬಿಡು." ಫೋನಿಟ್ಟು ಬಂದು ನನ್ನ ಬದನೆಕಾಯಿ ಎಣಗಾಯಿಯ ರುಚಿ ನೋಡಿದರು. "ಅಡ್ಡಿಯಿಲ್ಲ." ಅದು ಹೊಗಳಿಕೆ! ಅವರ ಬಾಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಕ್ಕಿಲ್ಲ.

ತಲೆ ಚಚ್ಚಿಕೊಂಡೆ. ಇದು ಅಳತೆಯ ಮಾತೇ ಅಲ್ಲ. ಕೇಳಿದವರು ಗಾಬರಿಯಾಗಬಾರದು ಅಂತ ಕೊಡುವ ಉತ್ತರ.

ಜನವರಿ 12, ಬೆಳಿಗ್ಗೆ

ಪದ ಬದಲಾಯಿಸಿದರೆ ಸಾಲದು. "ನನಗೆ ಬಹಳ ಕಷ್ಟ" ಅಂತ ಯಾರು ತಾನೇ ಮಕ್ಕಳ ಮನೆಯಲ್ಲಿ ಕೂತು ಟಿಕ್ ಹಾಕುತ್ತಾರೆ? ಮಕ್ಕಳ ಮರ್ಯಾದೆಯ ಪ್ರಶ್ನೆ. ಹಿರಿಯರನ್ನು ಅವರ ಬಗ್ಗೆಯೇ ಕೇಳಬಾರದು. "ನಿಮ್ಮ ವಾರಿಗೆಯವರಿಗೆ ಇಲ್ಲಿ ಹೆಂಗ ಅನಸ್ತದ?" ಅಂತ ಕೇಳಬೇಕು. ಮಂದಿಯ ಸುದ್ದಿ ಅಂದರೆ ಬಾಯಿ ತಾನೇ ಬಿಚ್ಚುತ್ತದೆ.

ಕಾತ್ಯಾಯಿನಿ: "ಪ್ರೂವ್ ಮಾಡಿ ತೋರ್ಸಿ."

ತೋರಿಸುತ್ತೇನೆ.

ಫೆಬ್ರವರಿ 20

ಬರೆಯಲು ಪುರುಸೊತ್ತೇ ಇರಲಿಲ್ಲ. ಮನೆ ಮನೆಗೆ ಡ್ರೈವ್, ಮನೆ ಮನೆಯಲ್ಲೂ ಚಹಾ, ಚೂಡಾ… ಆದರೆ ಬಂತು! ಅಂಕಗಳು ಒಂದರಿಂದ ಐದರವರೆಗೂ ಹರಡಿಕೊಂಡಿವೆ. ನಿದ್ದೆ, ಊಟದ ಬಗ್ಗೆ ಬೇರೆಯಾಗಿ ಕೇಳಿದ್ದೆ. ಅದರೊಡನೆ ತಾಳೆ ಹಾಕಿದೆ. ವಾರಿಗೆಯವರಿಗೆ ಬೇಸರ ಅಂದವರಿಗೇ ಹೆಚ್ಚಾಗಿ ನಿದ್ದೆ ಬರುತ್ತಿಲ್ಲ. ಅಂದರೆ ಹೇಳಿದ್ದು ತಮ್ಮ ಕಥೆಯನ್ನೇ.

"ಅಯ್ಯೋ, ನಿಜವಾಗ್ಲೂ ಕೆಲಸ ಮಾಡ್ತಿದೆ ಕಣ್ರೀ ಇದು" ಅಂದರು ಕಾತ್ಯಾಯಿನಿ. ಗ್ರೂಪ್ ಉಳಿಯಿತು. ಎಷ್ಟು ಖುಷಿಯಾಗಿದೆ ಅಂದರೆ, ಕಾರಿನಲ್ಲಿ ಒಬ್ಬಳೇ ಜೋರಾಗಿ ಹಾಡಿಕೊಂಡು ಬಂದೆ.

ಫೆಬ್ರವರಿ 22

ಕೌಂಟಿಯವರಿಗೆ ತೋರಿಸುವ ಡೆಮೊದ ಪ್ರಾಕ್ಟೀಸಿಗೆ ಅತ್ತೆಯನ್ನೇ ಕೂರಿಸಿಕೊಂಡೆ. ಮೆಂತ್ಯ ಸೋಸುತ್ತಿದ್ದರು.

"ನಿಮ್ಮ ವಾರಿಗೆಯವರಿಗೆ ಇಲ್ಲಿ ಹೊತ್ತು ಹೆಂಗ ಹೋಗ್ತದರಿ, ಅತ್ತಿ?"

"ಅವ್ರಿಗೇನ ಬಿಡು. ಮುಂಜಾನೆ ಎಲ್ಲಾರೂ ಹೋದ ಮ್ಯಾಲ ಫ್ರಿಜ್ಜಿನ ಸಪ್ಪಳಾ ಕೇಳ್ಕೋತ ಕುಂದರ್ತಾರ. ತಾವು ಅದೀವೋ ಇಲ್ಲೋ ಅಂತ ಒಮ್ಮೊಮ್ಮೆ ಅವ್ರಿಗೇ ಗೊತ್ತಾಗೂದಿಲ್ಲ." ನಕ್ಕರು.

ಉಳಿದ ಪ್ರಶ್ನೆಗಳನ್ನೂ ಕೇಳಿ ಒಟ್ಟು ಹಾಕಿದೆ. ಅತ್ತೆಯ ಅಂಕ, ಕೌನ್ಸೆಲರ್ ಫೋನ್ ಮಾಡಬೇಕಾದವರ ಗೆರೆಗಿಂತ ಕೆಳಗೆ. ಮತ್ತೆ ಹಾಕಿದೆ. ಅಷ್ಟೇ ಬಂತು.

ಗಂಡನಿಗೆ ಹೇಳಿದೆ. ಶಶಿಕಾಂತ್ ಒಪ್ಪಲಿಲ್ಲ. "ಹುಚ್ಚೇನ ನಿನಗ? ಅವ್ವ ಚೊಲೋ ಅದಾಳ. ನಿನ್ನ ಫಾರ್ಮುಲಾನೇ ತಪ್ಪಿರಬೇಕು."

"ಬ್ಯಾರೆಯವ್ರ ಅವ್ವಂದಿರಿಗೆ ಸರಿ ಇದ್ದ ಫಾರ್ಮುಲಾ ನಮ್ಮ ಮನ್ಯಾಗ ಹೆಂಗ ತಪ್ಪತದರಿ?"

ಅತ್ತ ತಿರುಗಿ ಕೂತರು. ತಪ್ಪಿದ್ದರೆ ನನಗೂ ಚೆನ್ನಾಗಿತ್ತು. ಆದರೆ ಮಂದಿಗೆಲ್ಲ ನಂಬಿ ಅಂದ ಲೆಕ್ಕವನ್ನು ಮನೆಯಲ್ಲಿ ಬೇಡ ಅನ್ನಲಾರೆ. ನಾಳೆಯೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ.

ಮಾರ್ಚ್ 7, ಬೆಳಿಗ್ಗೆ 10:40

ಕ್ಲಿನಿಕ್. ವೇಟಿಂಗ್ ರೂಮ್. ಶಶಿಕಾಂತ್ ರಜೆ ಹಾಕಿ ಬಂದಿದ್ದಾರೆ, ತಮ್ಮ ಶೂ ನೋಡುತ್ತ ಕೂತಿದ್ದಾರೆ. ಇಂಟರ್‌ಪ್ರಿಟರ್ ಬೇಕೇ ಅಂತ ನರ್ಸ್ ಕೇಳಿದಳು. ಅತ್ತೆ ಬೇಡ ಅಂದರು, ನನ್ನನ್ನು ತೋರಿಸಿದರು.

"ನಾ ಅಂದದ್ದೆಲ್ಲಾ ಡಾಕ್ಟರಿಗೆ ಇಂಗ್ಲಿಷಿನ್ಯಾಗ ಹೇಳ್ತೀಯೇನ?"

"ಹೂಂರಿ, ಅತ್ತಿ."

"ನಿನ್ನ ಬಗ್ಗೆ ಅಂದದ್ದೂ?"

"ಒಂದಕ್ಷರ ಬಿಡೂದಿಲ್ರಿ."

"ಹಂಗಾರ ಬರಕೋ. ಒಳಗ ಹೋದ ಮ್ಯಾಲ ಮರೀತಿ."

ಬರೆದುಕೊಳ್ಳುತ್ತಿದ್ದೇನೆ. ಅವರ ಮಾತಿನಲ್ಲೇ.

ಒಂದು — "ನನ್ನ ಸೊಸಿ ಬಾಳ ಶ್ಯಾಣ್ಯಾಕಿ. ಗುಳಿಗಿ ತಗೊಂಡ್ರಿ? ಉಂಡ್ರಿ? ಮಕ್ಕೊಂಡ್ರಿ? ಅಂತ ದಿನಾ ಪ್ರಶ್ನಿ ಕೇಳ್ತಾಳ. ಮಾತಾಡೂದಿಲ್ಲ."

ಎರಡು — ಈಗ ಮಗನ ಕಡೆ ತಿರುಗಿದರು. "ಇಂವಾ ಅದನ್ನೂ ಕೇಳೂದಿಲ್ಲ."