ನೀರಿನಾಚೆಗೆ ಕೂಗುವ ಮಾತು

ಹೊಳೆನರಸೀಪುರ
19 ಜುಲೈ 2025, ಶನಿವಾರ

ಪ್ರೀತಿಯ ರಜನೀಶ್,

ನನ್ನ ಭಾಷೆಯನ್ನು ಅವರು ಒಪ್ಪಿಕೊಂಡರು! ಮೈಸೂರಿನ ಸ್ಟುಡಿಯೋದ ಹಂಸ ಮೇಡಂ ನಿನ್ನೆ ತಾವೇ ಫೋನ್ ಮಾಡಿ, ಅವರ ಕಾರ್ಟೂನ್ ಚಿತ್ರದ ದ್ವೀಪದ ಜನರೆಲ್ಲ ಇನ್ನು ಮೇಲೆ ನಾನು ಕಟ್ಟಿದ ಭಾಷೆಯನ್ನೇ ಆಡುತ್ತಾರೆ ಎಂದರು. ಫೋನಿಟ್ಟವಳೇ ಹಿತ್ತಿಲಿಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ, ಕರಿಬೇವಿನ ಗಿಡಕ್ಕೇ ಹೇಳಿ ಬಂದೆ. ಸರಿ, ಮೊದಲು ಕೇಳಬೇಕಾದ್ದನ್ನು ಈಗ ಕೇಳುತ್ತೇನೆ. ಹೇಗಿದ್ದೀಯ? ಶಿವಮೊಗ್ಗದ ಮಳೆಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಮೆಸ್ಸಿನ ಸಾರು ಈಗಲೂ ಬಿಸಿನೀರೇ? ನಾನು ಕಳಿಸಿದ ಚಟ್ನಿಪುಡಿಯನ್ನು ಆಫೀಸಿನವರಿಗೆಲ್ಲ ಹಂಚಿ ಮುಗಿಸಿದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ, ದಪ್ಪಗಾಗಿದ್ದೇನೆ ಎಂದು ಅಜ್ಜಿ ಬೀದಿಗೆಲ್ಲ ಸಾರುತ್ತಿದ್ದಾಳೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರಗಳನ್ನು ನೀನೇ ತಿದ್ದಿಕೊಂಡು ಓದು.

ಫೋನಿರುವಾಗ ಕಾಗದವೇಕೆ ಎನ್ನುತ್ತೀಯಾ? ಅಜ್ಜಿಯ ಆಜ್ಞೆ. ಆಷಾಢ ಬಂದು ನನ್ನನ್ನು ತವರಿಗೆ ಎಳೆತಂದದ್ದು ಅವಳಿಗೆ ಸಾಲಲಿಲ್ಲ. “ಆಸಾಡ್ದಲ್ಲಿ ಗಂಡನ ಮಕ ನೋಡ್ಬಾರ್ದು. ಆ ಫೋನಲ್ಲಿ ಮಕ ಕಾಣ್ತದಲ್ಲ, ಅದೂ ಲೆಕ್ಕಕ್ಕೆ ಬತ್ತದೆ ಕಣವ್ವ” ಎಂದು ವಿಡಿಯೋ ನಿಲ್ಲಿಸಿದಳು. ಬರೀ ಮಾತಾಡೋಣವೆಂದರೆ ಮೊರದಲ್ಲಿ ಕಡಲೆಕಾಯಿ ಹಾಕಿಕೊಂಡು ನನ್ನ ಪಕ್ಕಕ್ಕೇ ಬಂದು ಕೂರುತ್ತಾಳೆ. ನಾನು “ರಜನೀಶ್” ಎಂದಾಗಲೆಲ್ಲ ಒಂದು ಕಾಯಿ ಜೋರಾಗಿ ಒಡೆಯುತ್ತದೆ. “ಗಂಡನ್ನ ಎಸ್ರಿಡ್ದು ಕರೀತೀಯಲ್ಲೇ, ಅವನೇನು ನಿನ್ ತಮ್ಮನಾ?” ಎನ್ನುತ್ತಾಳೆ. ಕೊನೆಗೆ ಅವಳೇ ದಾರಿ ತೋರಿಸಿದಳು: “ಬೇಕಾರೆ ಕಾಗ್ದ ಬರಿ. ಕಾಗ್ದದಲ್ಲಿ ಮಕ ಇರಕಿಲ್ಲ.”

ಆದರೆ ನನ್ನ ಭಾಷೆಯನ್ನು ಉಳಿಸಿದವಳೂ ಇದೇ ಅಜ್ಜಿ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ನಾನು ಮೊದಲು ಕಳಿಸಿದ್ದ ಭಾಷೆ ನಿನಗೆ ನೆನಪಿದೆಯಲ್ಲ? ನಿಂತ ನೀರಿಗೆ ಒಂದು ಪದ, ಹರಿಯುವ ನೀರಿಗೆ ಇನ್ನೊಂದು, ತಲೆಯ ಮೇಲೆ ಸುರಿದುಕೊಂಡ ನೀರಿಗೆ ಮತ್ತೊಂದು. ಮೊದಲು ಕೆಲಸ ಹೇಳಿ ಆಮೇಲೆ ಯಾರು ಮಾಡಿದರೆಂದು ಹೇಳುವ ಕ್ರಮ. ಮೀನಿನ ಗಾಳದಂತೆ ಬಾಗಿದ ಲಿಪಿ. ಎಷ್ಟು ಮುದ್ದಾಗಿತ್ತು! ಹಂಸ ಮೇಡಂ ಮಾತ್ರ ಎಲ್ಲ ಓದಿ ನೋಡಿ, “ಚೆನ್ನಾಗಿದೆ ಸೌಜನ್ಯ, ಆದರೆ ಈ ಭಾಷೆಯಲ್ಲಿ ಯಾರೂ ಯಾರಿಗೂ ನಾಚುವುದಿಲ್ಲ, ಹೆದರುವುದಿಲ್ಲ. ಮನೆ ಕಟ್ಟಿದ್ದೀರಿ, ಗೃಹಪ್ರವೇಶವೇ ಆಗಿಲ್ಲ” ಎಂದಿದ್ದರು. ಆ ರಾತ್ರಿ ನಾನು ಅತ್ತಿದ್ದನ್ನು ನಿನಗೆ ಹೇಳಿರಲಿಲ್ಲ.

ಇಲ್ಲಿಗೆ ಬಂದ ಮಾರನೆಯ ದಿನ ಅಜ್ಜಿ, “ನಾಕಾಲಿಂದ್ರ ಮ್ಯಾಲೆ ವದ್ಕೆ ಮಡಗವ್ವ” ಎಂದಳು. ನಾಲ್ಕು ಕಾಲಿನದು ಎಂದರೆ ಮಂಚ. ಚಿಕ್ಕಂದಿನಿಂದ ಕೇಳಿದ ಮಾತೇ, ಆದರೆ ಈ ಸಲ ಹೊದಿಕೆ ಹಿಡಿದು ಹಾಗೇ ನಿಂತುಬಿಟ್ಟೆ. ತಾತನ ಹೆಸರು ಮಂಚಯ್ಯ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವಳು ಅಜ್ಜಿ. ಅದಕ್ಕಾಗಿ ಮಂಚವನ್ನೂ ಮಂಚವೆನ್ನದೆ ಒಂದು ಜೀವಮಾನ ಕಳೆದಿದ್ದಾಳೆ! ನಾನು ಕಷ್ಟಪಟ್ಟು ನೂರಾರು ಪದ ಹುಟ್ಟಿಸಿದ್ದೆ. ಆಡಬಾರದ ಪದವೊಂದೂ ನನ್ನ ದ್ವೀಪದಲ್ಲಿ ಇರಲಿಲ್ಲ.

ಅಂದಿನಿಂದ ಅಜ್ಜಿಯ ಸೆರಗು ಬಿಡಲಿಲ್ಲ. ಹೆಸರು ಹೇಳದೆ ಕರೆಯುವುದು ಹೇಗೆ, ಹತ್ತಿರವಿದ್ದರೆ ಹೇಗೆ, ದೂರವಿದ್ದರೆ ಹೇಗೆ? ಬಳೆ ಸದ್ದು ಮಾಡುವುದು, ಕೆಮ್ಮುವುದು, ತಟ್ಟೆಯನ್ನು ನೆಲಕ್ಕೆ ಕುಕ್ಕುವುದು. ಸಿಟ್ಟಿನ ಕುಕ್ಕು ಬೇರೆ, ಊಟದ ಕುಕ್ಕು ಬೇರೆ. ಆಮೇಲೆ ಕೊಣನೂರು ಸಂತೆಯ ಕಥೆ ಹೇಳಿದಳು. ಮದುವೆಯಾದ ಹೊಸತು, ಜನರ ನೂಕಾಟದಲ್ಲಿ ತಾತ ಮುಂದೆ ಹೋಗಿಬಿಟ್ಟರಂತೆ. “ಅವ್ರ ಬೆನ್ನು ಕಾಣ್ತಿತ್ತು ಕಣವ್ವ. ಕೂಗೋ ಅಂಗಿಲ್ಲ. ಒಂದು ಮಗ ಉಟ್ಟಿದ್ರೆ ಅವನೆಸ್ರಿಡ್ದು, ಅವನಪ್ಪಾ ಅಂತಿದ್ದೆ. ಇನ್ನೂ ಯಾರೂ ಉಟ್ಟಿರ್ನಿಲ್ಲ.” ಕುಡಿಕೆ ಮಾರುವವನ ಬಳಿ ಸಂಜೆಯವರೆಗೆ ನಿಂತಿದ್ದಳಂತೆ. ತಾತನೂ ಹುಡುಕಿದ್ದರು, ಆದರೆ ಅವರಿಗೂ ಹೆಂಡತಿಯ ಹೆಸರೆತ್ತಲು ನಾಚಿಕೆ. “ಅವ್ರು ‘ಲೇ’ ಅಂತ ಕೂಗುದ್ರೆ ಸಂತೆಲಿದ್ದ ಎಂಗುಸ್ರೆಲ್ಲ ತಿರುಗಿ ನೋಡುದ್ರಂತೆ, ನನ್ನೊಬ್ಳನ್ನ ಬಿಟ್ಟು!” ಎಂದು ಅಜ್ಜಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಹಾಗಾಗಿ ನನ್ನ ದ್ವೀಪದಲ್ಲಿ ಈಗ ಒಂದು ಪದ್ಧತಿ ಬಂದಿದೆ. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲ. ಆದರೆ ಮಂಜು ಕವಿದ ನೀರಿನಲ್ಲಿ ಕೂಗಲೇಬೇಕಲ್ಲ? ಅದಕ್ಕೆ ಅವಳೇ ಅವನಿಗೊಂದು ಕೂಗುಪದ ಕಟ್ಟುತ್ತಾಳೆ. ಚಿತ್ರದಲ್ಲಿ ಮುದುಕಿಯೊಬ್ಬಳು ಮಂಜಿನಲ್ಲಿ ಕಳೆದುಹೋದ ಗಂಡನನ್ನು ಕೂಗುತ್ತಾಳೆ. ಅವಳಿಗಾಗಿ ‘ತೂಲಿಮವೇ’ ಎಂದು ಮಾಡಿದೆ. ನನ್ನ ದೋಣಿ ಕಟ್ಟುವ ದಡವೇ, ಎಂದರ್ಥ. ಹಂಸ ಮೇಡಂ ಮೆಚ್ಚಿದ್ದು ಇದನ್ನೇ. ಆದರೆ ಸಂತೆಯ ಕಥೆಯನ್ನು ಅಜ್ಜಿಯ ದನಿಯಲ್ಲೇ ರೆಕಾರ್ಡ್ ಮಾಡಿ ಅವರಿಗೆ ಕಳಿಸಿದ್ದೆ, ಅದನ್ನು ಕೇಳಿ, ಆ ಮುದುಕಿಯ ದನಿ ನಿಮ್ಮ ಅಜ್ಜಿಯದೇ ಆಗಬೇಕು, ಬುಧವಾರ ಬರುತ್ತೇವೆ ಎಂದುಬಿಟ್ಟರು.

ಆ ಕೂಗುಪದವನ್ನು ಹೇಳಿಕೊಟ್ಟು ಕೇಳಿದರೆ ಅಜ್ಜಿ ಒಪ್ಪಲಿಲ್ಲ. “ಸುಳ್ಳೆಸ್ರೋ ನಿಜದೆಸ್ರೋ, ಗಂಡನ್ನ ಕೂಗದು ಕೂಗದೇಯ. ಮೊನ್ನೆ ತಾನೇ ಆಸ್ಪತ್ರೆಯಿಂದ ಬಂದವ್ರೆ” ಎಂದಳು. ಹಾಸನದಲ್ಲಿ ತಾತನ ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಅವಳ ಭಯ ಇಮ್ಮಡಿಯಾಗಿದೆ. ಚಿತ್ರಕ್ಕೆ ಬೇರೆ ದನಿ ಸಿಗುತ್ತದೆ ಬಿಡು. ನನ್ನ ಚಿಂತೆ ಬೇರೆಯೇ. ತಾತನ ಕಿವಿ ಮಂದವಾಗಿದೆ. ಬಳೆಯ ಸದ್ದು, ತಟ್ಟೆಯ ಸದ್ದು ಈಗ ಅವರಿಗೆ ಕೇಳಿಸುವುದೇ ಇಲ್ಲ. ದಿನಾ ಸಂಜೆ ಹಿತ್ತಿಲ ಬಾಗಿಲಿಂದ ಇಳಿದು ಹೇಮಾವತಿಯ ಮೆಟ್ಟಿಲ ಮೇಲೆ ಕೂರುವ ಅಭ್ಯಾಸ ಬಿಟ್ಟಿಲ್ಲ. ಹೊಳೆ ತುಂಬಿದೆ, ಮೆಟ್ಟಿಲೆಲ್ಲ ಪಾಚಿ. ಮಂಡಿ ನೋವಿನ ಅಜ್ಜಿ ಅಷ್ಟು ದೂರ ಹೋಗಿ ಭುಜ ಮುಟ್ಟಿಯೇ ಕರೆತರಬೇಕು. ಹೋದ ವಾರ ತಾತ ಅಲ್ಲೇ ತಲೆ ಸುತ್ತಿ ಕಂಬ ಹಿಡಿದು ನಿಂತಾಗ, ಅಜ್ಜಿ ಹಿತ್ತಿಲ ಬಾಗಿಲಲ್ಲಿ ಬಾಯಿ ತೆರೆದಳು, ದನಿ ಹೊರಡಲಿಲ್ಲ. ನಾನು ಓಡಿದೆ. ಶುಕ್ರವಾರದಿಂದ ನಾನು ಇಲ್ಲಿರುವುದಿಲ್ಲ. ಅಮ್ಮ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇನ್ನು ಯಾರು ಓಡುತ್ತಾರೆ, ಹೇಳು? ಅವಳನ್ನು ಒತ್ತಾಯಿಸಲೇ, ಬಿಡಲೇ? ನಿನಗೆ ಏನನ್ನಿಸುತ್ತದೆ?

ಅರಕಲಗೂಡಿಗೆ ಫೋನ್ ಮಾಡಿದಾಗ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅಜ್ಜಿ ಏನೂ ಹೇಳಿಲ್ಲ, ಆದರೆ ನಿನಗೆಂದು ಕೊಬ್ಬರಿ ಮಿಠಾಯಿಗೆ ಪಾಕ ಇಟ್ಟಿದ್ದಾಳೆ. ಅದೂ ಅವಳ ಭಾಷೆಯೇ ಅಲ್ಲವೇ? ಮಳೆಯಲ್ಲಿ ನೆನೆಯಬೇಡ, ರೇನ್‌ಕೋಟ್ ಇರುವುದು ಬೈಕಿನ ಸೀಟು ಒರೆಸಲಿಕ್ಕಲ್ಲ.

ನಿನ್ನ, ನಿನ್ನ, ನಿನ್ನದೇ
ಸೌಜನ್ಯ

ತಾ.ಕ.: ಅಂಟು ಹಚ್ಚಿದ್ದ ಕವರನ್ನು ಹರಿದು ಬರೆಯುತ್ತಿದ್ದೇನೆ, ಅವಸರದ ಅಕ್ಷರ ನೋಡಿ ನಗಬೇಡ. ಈಗ ತಾನೇ ತಾತ ಮೆಟ್ಟಿಲಿಂದ ಎದ್ದವರು, ಮೇಲೆ ಬರುವ ಬದಲು ಕಾಲು ತೊಳೆಯಲೆಂದು ಕೆಳಗಿನ ಪಾಚಿಯತ್ತ ಇಳಿಯತೊಡಗಿದರು. ಹಿತ್ತಿಲ ಬಾಗಿಲಲ್ಲಿ ಅಜ್ಜಿ ಬಳೆ ಕುಲುಕಿದಳು. ಚೊಂಬಿನಿಂದ ಬಾಗಿಲು ಬಡಿದಳು. ತಾತ ಇನ್ನೊಂದು ಮೆಟ್ಟಿಲು ಇಳಿದರು. ಆಗ ಅಜ್ಜಿ “ತೂಲ್ಮೋ… ಓ!” ಎಂದು ಕೂಗಿದಳು, ರಜನೀಶ್! ಅಂಥ ದನಿ ಅವಳಲ್ಲಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ತಾತ ಹಾಗೇ ನಿಂತರು. ತಿರುಗಿ ನೋಡಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದು, “ತೂಲ್ಮ ಅಂದ್ರೆ ಯಾರಮ್ಮೀ?” ಎಂದರು. “ನೀವೇ ಕಣ್ರೀ, ಇನ್ಯಾರು” ಎಂದಳು ಅಜ್ಜಿ, ನೆಲ ನೋಡುತ್ತಾ. ತಾತ ಕಿವಿಗೆ ಕೈ ಅಡ್ಡ ಹಿಡಿದು, “ಅಂಗಾರೆ ಇನ್ನೊಂದ್ಸಲ ಕೂಗು” ಎಂದರು.

ಬುಧವಾರ ಬರಲಿ ಎಂದು ಹಂಸ ಮೇಡಂಗೆ ಹೇಳಲು ಅಜ್ಜಿಯ ಅಪ್ಪಣೆಯಾಗಿದೆ. “ಆದ್ರೆ ನೀನ್ ಬರ್ದಂಗೆ ನಾನನ್ನಕಿಲ್ಲ. ಕೂಗೋವಾಗ ಕೊನೆಲಿ ಬಾಯಿ ತೆರ್ಕಬೇಕು” ಎಂದಿದ್ದಾಳೆ. ಪದವನ್ನು ತಿದ್ದಿಕೊಂಡೆ. ನಿನಗೂ ಒಂದು ಕೂಗುಪದ ಕಟ್ಟಿದ್ದೇನೆ, ಕಾಗದದಲ್ಲಿ ಬರೆಯುವುದಿಲ್ಲ. ಪ್ಲಾಟ್‌ಫಾರಂನಲ್ಲಿ ಬೆನ್ನು ತಿರುಗಿಸಿ ನಿಂತಿರು, ಬಾಗಿಲಿಂದಲೇ ಕೂಗುತ್ತೇನೆ. ಶುಕ್ರವಾರ, ಶ್ರಾವಣದ ಮೊದಲ ದಿನ, ಹಾಸನದ ಮೇಲೆ ಬರುವ ಮೈಸೂರು–ಶಿವಮೊಗ್ಗ ರೈಲು.