ಬೋರ್ಡಿಗೆ ಹೆದರಿ ಬಾಯಿ ಮುಚ್ಚಿಕೊಂಡವಳ ಪರವಾಗಿ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲ ಮೇಲೆ ನೀಲಿ ಅಕ್ಷರದ ಒಂದು ಬೋರ್ಡಿದೆ: 'ಇಂಟರ್ನೆಟ್ಟಿನಲ್ಲಿ ರೋಗ ಹುಡುಕಿಕೊಂಡು ಬಂದವರು ಔಷಧವನ್ನೂ ಅಲ್ಲೇ ಹುಡುಕಿಕೊಳ್ಳತಕ್ಕದ್ದು.' ಅದನ್ನು ಇಳಿಸಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಆ ಬೋರ್ಡಿನಿಂದ ನನ್ನ ಹೆಂಡತಿಯ ಎಡಗಣ್ಣು ಹೋಯಿತು ಎಂದರೆ ನೀವು ನಗಬಹುದು, ಬೋರ್ಡಿನಿಂದ ಯಾರಿಗಾದರೂ ಕಣ್ಣು ಹೋಗುತ್ತದೆಯೇ ಎಂದು ಕೇಳಬಹುದು. ಹೋಗುತ್ತದೆ ಸ್ವಾಮಿ. ಹೇಗೆಂದು ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ. ನಿಮ್ಮಲ್ಲಿ ಅಧಿಕಾರಿಗಳು ಓದುವುದಕ್ಕೆ ನಿಷೇಧವಿಲ್ಲವೆಂದು ಭಾವಿಸಿದ್ದೇನೆ.

ಇದನ್ನು ಬೀದಿಗೆ ತರುವ ಆಸೆ ನನಗಿರಲಿಲ್ಲ. ಮೊದಲು ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ, ಮತ್ತೆ ಸಭೆ. ಇಷ್ಟೊಂದು ಸಭೆ ನಡೆಸುವ ಕಟ್ಟಡದಲ್ಲಿ ಬಾಗಿಲ ಮೇಲಿನ ಎರಡು ಸಾಲು ಯಾರ ತಲೆಯನ್ನೂ ಕೆಡಿಸಲಿಲ್ಲವೆಂಬುದೇ ಸೋಜಿಗ. ಕೊನೆಗೆ ನಿಮ್ಮ ಗುಮಾಸ್ತರು ನನ್ನ ಮೇಲೆ ಕನಿಕರಪಟ್ಟು, "ಅಯ್ಯೋ, ಅದು ತಮಾಷೆಗೆ ಹಾಕಿರೋದು ಕಣ್ರೀ. ಬಂದವರೆಲ್ಲ ಫೋಟೋ ತಗೊಂಡು ಹೋಗ್ತಾರೆ. ನೀವೊಬ್ರೇ ಮುಖ ಗಂಟು ಹಾಕ್ಕೊಂಡಿರೋದು" ಎಂದರು. ಸರಿ, ಆ ತಮಾಷೆಯ ಕಥೆ ಊರಿನವರೂ ಕೇಳಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ವೈದ್ಯರ ಕಷ್ಟ ನನಗೆ ತಿಳಿಯದು ಎಂದುಕೊಳ್ಳಬೇಡಿ. ನಾನು ಫ್ರಿಜ್, ವಾಷಿಂಗ್ ಮೆಷಿನ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಈಗೀಗ ನನ್ನ ಗಿರಾಕಿಗಳೆಲ್ಲ ವಿಡಿಯೋ ನೋಡಿಕೊಂಡೇ ಬರುತ್ತಾರೆ. "ಕಂಪ್ರೆಸರ್ ಹೋಗಿದೆ, ಬದಲಾಯಿಸಿ" ಎಂದು ನನಗೇ ಅಪ್ಪಣೆ ಕೊಡಿಸುತ್ತಾರೆ. ಮನೆಗೆ ಹೋಗಿ ನೋಡಿದರೆ ಪ್ಲಗ್ಗು ಸಡಿಲವಾಗಿರುತ್ತದೆ. ಮೈ ಉರಿದುಹೋಗುತ್ತದೆ! ಆದರೂ ಸದ್ದು ಎಲ್ಲಿಂದ ಬರುತ್ತಿದೆ, ಯಾವಾಗಿನಿಂದ ಎಂದು ಕೇಳಿ, ಹಿಂಬದಿ ಬಿಚ್ಚಿ ನೋಡುತ್ತೇನೆ. ಇದೇನೂ ನನ್ನ ದೊಡ್ಡಸ್ತಿಕೆಯಲ್ಲ, ನಾನು ನೋಡದಿದ್ದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ನಿಮ್ಮ ರೋಗಿಗಳಿಗೆ ಪಕ್ಕದ ಅಂಗಡಿ ಇಲ್ಲ, ನೋಡಿ.

ಮೊಬೈಲಿನಲ್ಲಿ ಇರುವುದೆಲ್ಲ ನಿಜವೆಂದೂ ನಾನು ವಾದಿಸುತ್ತಿಲ್ಲ. ನನ್ನ ಭಾವಮೈದನೊಬ್ಬನಿದ್ದಾನೆ. ಕಾಲಿನ ಬೆರಳು ಜೋಮು ಹಿಡಿಯಿತೆಂದು ಒಂದು ಸಂಜೆಯೆಲ್ಲ ಓದಿ, ತನಗೆ ನರದ ಕಾಯಿಲೆಯೇ ಇದೆಯೆಂದು ತೀರ್ಮಾನಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು "ನಾನಿಲ್ಲದಿದ್ರೂ ನೀವು ಜಗಳ ಆಡ್ಬಾರ್ದು" ಎಂದು ಕಣ್ಣೀರು ಹಾಕಿದ. ಆಮೇಲೆ ನೋಡಿದರೆ ಹೊಸ ಬೂಟು ಬಿಗಿಯಾಗಿತ್ತು. ಇಂಥವರು ದಿನಕ್ಕೆ ಎಷ್ಟು ಜನ ನಿಮ್ಮ ವೈದ್ಯರ ಮುಂದೆ ಕೂರುತ್ತಾರೋ, ನೆನೆದರೆ ನನಗೇ ಸುಸ್ತಾಗುತ್ತದೆ. ಆದರೆ ಬೂಟು ಬಿಗಿಯಾದವನನ್ನು ತಡೆಯಲು ಹಾಕಿದ ಬೋರ್ಡನ್ನು ಅವನು ಓದಿಯೇ ಇಲ್ಲ. ಅವನು ನೇರವಾಗಿ ಒಳಗೆ ನುಗ್ಗುತ್ತಾನೆ. ಓದಿದವಳು ನನ್ನ ಹೆಂಡತಿ.

ಅವಳು ಮನೆಯಲ್ಲೇ ಹೊಲಿಗೆ ಹಾಕುವವಳು. ಶಾಲೆ ಮಕ್ಕಳ ಯೂನಿಫಾರಂ, ಪ್ಯಾಂಟಿನ ಜಿಪ್ಪು, ಸಡಿಲವಾದ ಸೊಂಟ, ಇಂಥವೇ. ಎರಡು ವರ್ಷದ ಕೆಳಗೆ ಸದಾ ಸುಸ್ತು, ತಲೆಕೂದಲು ಉದುರುವುದು ಶುರುವಾದಾಗ ನಿಮ್ಮಲ್ಲಿಗೇ ಬಂದಳು. "ಥೈರಾಯ್ಡ್ ಇರಬಹುದಾ ಸಾರ್? ಮೊಬೈಲಲ್ಲಿ ಓದಿದೆ" ಎಂದು ಕೇಳಿದಳು. ವೈದ್ಯರು ಕುರ್ಚಿಗೆ ಒರಗಿ, ಬಾಗಿಲಾಚೆ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ, "ಓಹೋ! ಡಾಕ್ಟ್ರಮ್ಮನವರು ಬಂದಿದ್ದಾರೆ, ದಾರಿ ಬಿಡ್ರಪ್ಪಾ! ನನ್ನ ಕುರ್ಚಿಗೇ ಬಂದು ಕೂತ್ಕೋತೀರಾ ಮೇಡಂ?" ಎಂದರು. ಸಾಲಿಗೆ ಸಾಲೇ ನಕ್ಕಿತು. ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಸರಿಯಾಗಿತ್ತು, ರಕ್ತ ಕಡಿಮೆ ಇತ್ತು. ಅವಳ ಊಹೆ ತಪ್ಪು, ವೈದ್ಯರದ್ದು ಸರಿ. ಕೊಟ್ಟ ಮಾತ್ರೆಯಿಂದ ಸುಸ್ತೂ ಹೋಯಿತು. ಹೋಗದೆ ಉಳಿದದ್ದು ಆ ಹೆಸರು. ಸಾಲಿನಲ್ಲಿದ್ದ ಪಕ್ಕದ ಮನೆಯಾಕೆ ಅದನ್ನು ಜೋಪಾನವಾಗಿ ನಮ್ಮ ಬೀದಿಗೆ ತಂದಳು. ಬಟ್ಟೆ ಕೊಡಲು ಬಂದವರೆಲ್ಲ "ಡಾಕ್ಟ್ರಮ್ಮ ಇದ್ದಾರಾ?" ಎಂದು ಕೇಳಿ ಹಲ್ಲು ಬಿಡುತ್ತಿದ್ದರು. ಅವಳೂ ನಗುತ್ತಿದ್ದಳು. ಒಳಗೆ ಬಂದು ಸುಮ್ಮನೆ ಮೆಷಿನ್ ತುಳಿಯುತ್ತಿದ್ದಳು.

ಈ ವರ್ಷ ಅವಳ ಎಡಗಣ್ಣಿನಲ್ಲಿ ಕಪ್ಪು ಚುಕ್ಕೆಗಳು ಹಾರತೊಡಗಿದವು. ನುಸಿ ಎಂದುಕೊಂಡು ಕೈಯಲ್ಲಿ ಓಡಿಸುತ್ತಿದ್ದಳು. ಆಮೇಲೆ ತಲೆ ತಿರುಗಿಸಿದಾಗಲೆಲ್ಲ ಕಣ್ಣಿನ ಅಂಚಿನಲ್ಲಿ ಫಳಕ್ ಎಂದು ಮಿಂಚು. ಓದಬಾರದೆಂದು ಎಷ್ಟು ಗಟ್ಟಿ ಮನಸ್ಸು ಮಾಡಿದ್ದಳೋ ಏನೋ, ತಡೆಯಲಾರದೆ ಓದಿದಳು. "ರೀ, ಮಿಂಚು ಬಂದ್ರೆ ತಡ ಮಾಡ್ಬಾರ್ದಂತೆ. ಕಣ್ಣಿನ ಹಿಂದಿರೋ ಪರದೆ ಹರಿದಿರಬಹುದಂತೆ" ಎಂದಳು. ಮಾರನೆಯ ಬೆಳಿಗ್ಗೆಯೇ ನಿಮ್ಮ ಬಾಗಿಲಲ್ಲಿದ್ದೆವು. ಬಾಗಿಲ ಮೇಲೆ, ಈ ನಡುವೆ ಹೊಸದಾಗಿ ಬಂದು ನೇತಾಡುತ್ತಿದ್ದ ಬೋರ್ಡು. ಅದನ್ನು ಓದಿ ಅವಳು ಮೊಬೈಲನ್ನು ಸೆರಗಿನೊಳಗೆ ಸೇರಿಸಿದಳು. ಜೊತೆಯವರು ಹೊರಗೆ ನಿಲ್ಲಬೇಕೆಂದು ನನ್ನನ್ನು ತಡೆದರು.

ಒಳಗೆ ಏನಾಯಿತೆಂದು ಅವಳು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಕಣ್ಣಿನ ವೈದ್ಯರು ಕೆಟ್ಟವರೇನಲ್ಲವಂತೆ, ನಗುನಗುತ್ತಲೇ "ಏನಮ್ಮಾ, ನೀವೂ ಎಲ್ಲ ಓದ್ಕೊಂಡೇ ಬಂದಿದ್ದೀರಾ?" ಎಂದರಂತೆ.

"ಇಲ್ಲ ಸಾರ್. ನಾನೇನೂ ಓದಿಲ್ಲ."

"ಒಳ್ಳೇದಾಯ್ತು. ಏನು ತೊಂದ್ರೆ?"

"ಸ್ವಲ್ಪ ಮಂಜು ಸಾರ್."

ಅಷ್ಟೇ. ಮಿಂಚು ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತಂತೆ. ಆದರೆ ಆ ಮಾತು ಮೊಬೈಲಿನಲ್ಲಿ ಇದ್ದದ್ದು. ಬಾಯಿ ಬಿಟ್ಟರೆ ಓದಿದ್ದು ಗೊತ್ತಾಗಿಬಿಡುತ್ತದೆ ಎಂದು ನುಂಗಿಕೊಂಡಳು. ತಾನು ಕಣ್ಣಾರೆ ಕಂಡದ್ದನ್ನೇ ಕದ್ದ ಮಾಲಿನಂತೆ ಬಚ್ಚಿಟ್ಟಳು. ಅವರು ಕನ್ನಡಕದ ಪವರ್ ನೋಡಿ, ಕಣ್ಣು ಒಣಗಿದೆಯೆಂದು ಹನಿ ಬರೆದುಕೊಟ್ಟರು. ಹೊರಗೆ ಬಂದವಳನ್ನು "ಎಲ್ಲಾ ಹೇಳಿದ್ಯಾ?" ಎಂದು ಕೇಳಿದೆ. "ಹೇಳ್ದೆ, ಏನಿಲ್ವಂತೆ" ಎಂದಳು. ಆ ವಾರ ಕಳೆಯುವುದರೊಳಗೆ ಎಡಗಣ್ಣಿನ ಬದಿಯಿಂದ ಕತ್ತಲು ಒಳಕ್ಕೆ ಸರಿಯಿತು.

ಬಸ್ಸು ಹಿಡಿದು ದೊಡ್ಡ ಊರಿನ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಶಸ್ತ್ರವೈದ್ಯೆ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಲೇ ಕೇಳಿದರು, "ಮೊದಲು ಮಿಂಚು ಕಾಣ್ತಿರ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ ಯಾಕಮ್ಮಾ ಡಾಕ್ಟ್ರಿಗೆ ಹೇಳ್ಲಿಲ್ಲ?"

ಅವಳು ನನ್ನ ಮುಖ ನೋಡಿದಳು. "ಬೈತಾರೆ ಅಂತ" ಎಂದಳು.

ಬೈಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ. ಪರದೆ ಕಳಚಿಕೊಳ್ಳುವ ಮೊದಲು, ಬರೀ ಹರಿದಿದ್ದಾಗಲೇ ಗೊತ್ತಾಗಿದ್ದರೆ ಲೇಸರಿನಲ್ಲಿ ಅಂಟಿಸಿ ಉಳಿಸಿಕೊಳ್ಳುವ ಸಾಧ್ಯತೆ ಬಹಳವಿತ್ತು ಎಂದರು ಆಕೆ. ಆಪರೇಷನ್ ಮಾಡಿದರು. ಪರದೆ ಅಂಟಿತು, ದೃಷ್ಟಿ ಮರಳಲಿಲ್ಲ. ಈಗ ಆ ಕಣ್ಣಿಗೆ ಕಿಟಕಿ ಎಲ್ಲಿದೆ ಎಂಬಷ್ಟು ತಿಳಿಯುತ್ತದೆ. ಸೂಜಿಗೆ ದಾರ ಪೋಣಿಸುವಾಗ ಮೂರು ಸಲ ಗಾಳಿಗೆ ಪೋಣಿಸುತ್ತಾಳೆ. ನಾನು ನೋಡಿದರೆ ಸಿಟ್ಟಾಗುತ್ತಾಳೆಂದು ಬೇರೆ ಕಡೆ ತಿರುಗಿಕೊಳ್ಳುತ್ತೇನೆ.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಟೋಕನ್ ತೆಗೆಯಲು ಮೊಬೈಲ್ ಬೇಕು. ರಕ್ತಪರೀಕ್ಷೆಯ ವರದಿ ಮೊಬೈಲಿಗೇ ಬರುತ್ತದೆ, ಅದೂ ಶನಿವಾರ ಸಂಜೆ, ನಾಲ್ಕು ಅಂಕಿಗಳಿಗೆ ಕೆಂಪು ಬಣ್ಣ ಬಳಿದುಕೊಂಡು. ವೈದ್ಯರು ಸಿಗುವುದು ಬುಧವಾರ. ಅಲ್ಲಿಯವರೆಗೆ ಮನುಷ್ಯ ಏನು ಮಾಡಬೇಕೆಂದು ನಿಮ್ಮ ಅಪೇಕ್ಷೆ? ಕೆಂಪು ಬಣ್ಣ ಚೆನ್ನಾಗಿದೆಯೆಂದು ನೋಡುತ್ತಾ ಕೂರಬೇಕೇ? ನಿಮ್ಮ ವೈದ್ಯರೇ ಔಷಧದ ಪ್ರಮಾಣವನ್ನು ಮೊಬೈಲಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ತಪ್ಪಲ್ಲ, ಜವಾಬ್ದಾರಿಯ ಕೆಲಸವೇ. ಹಾಗಾದರೆ ಅದೇ ಕೆಲಸ ಮೇಜಿನ ಈಚೆಗೆ ಬಂದೊಡನೆ ಅಧಿಕಪ್ರಸಂಗ ಹೇಗಾಗುತ್ತದೆ? ಓದಿ ಬಂದವರು ನಿಮ್ಮ ವಿದ್ಯೆಯನ್ನು ಪರೀಕ್ಷಿಸಲು ಬರುವುದಿಲ್ಲ. ಹೆದರಿಕೊಂಡು ಬರುತ್ತಾರೆ. ಆ ಹೆದರಿಕೆಯ ಹತ್ತು ಮಾತಿನಲ್ಲಿ ಒಂಬತ್ತು ಬರೀ ಜೊಳ್ಳೇ ಇರಬಹುದು, ಹತ್ತನೆಯದು ನಿಮಗೆ ಬೇಕಾದ ಮಾತಾಗಿರುತ್ತದೆ. ನೀವು ಹತ್ತನ್ನೂ ಬಾಗಿಲಲ್ಲೇ ಚಪ್ಪಲಿಯ ಜೊತೆ ಬಿಡಿಸಿ ಒಳಗೆ ಕರೆಯುತ್ತೀರಿ.

ಆದ್ದರಿಂದ ನನ್ನ ಬೇಡಿಕೆ. ಪರಿಹಾರ ಬೇಡ, ವಿಚಾರಣಾ ಸಮಿತಿಯೂ ಬೇಡ, ನಿಮ್ಮ ಸಭೆಗಳ ಸಂಖ್ಯೆ ಹೆಚ್ಚುವುದು ಬೇಡ. ಬೋರ್ಡು ಇಳಿಸಿ. ಪ್ರತಿಯೊಬ್ಬ ವೈದ್ಯರೂ ರೋಗಿಯನ್ನು "ಏನಾದ್ರೂ ಓದಿದ್ದೀರಾ? ಅದರಲ್ಲಿ ಯಾವುದಕ್ಕೆ ಹೆದರಿಕೆ ಆಯ್ತು?" ಎಂದು ನಗದೆ ಕೇಳುವಂತೆ ಮಾಡಿ. ಓದಿದ್ದು ತಪ್ಪಿದ್ದರೆ ತಪ್ಪೆಂದು ಹೇಳಲಿ, ಯಾರು ಬೇಡವೆಂದರು?

ಇದನ್ನು ಬೇಗ ಮಾಡಿ, ಏಕೆಂದರೆ ಒಂದು ಕಣ್ಣಿಗೆ ಹೀಗಾದವರಿಗೆ ಇನ್ನೊಂದಕ್ಕೂ ಆಗುವ ಸಂಭವವಿದೆಯಂತೆ. ಬಲಗಣ್ಣಿನಲ್ಲಿ ಮಿಂಚು ಕಂಡರೆ ಆ ಗಳಿಗೆಯಲ್ಲೇ ಹತ್ತಿರದ ಆಸ್ಪತ್ರೆಗೆ ಓಡಬೇಕೆಂದು ಶಸ್ತ್ರವೈದ್ಯೆ ಹೇಳಿ ಕಳಿಸಿದ್ದಾರೆ. ನಮಗೆ ಹತ್ತಿರದ್ದು ನಿಮ್ಮದೇ. ಮೊನ್ನೆ ಊಟಕ್ಕೆ ಕೂತಾಗ ನನ್ನ ಹೆಂಡತಿ ತಟ್ಟೆ ನೋಡುತ್ತಾ ಕೇಳಿದಳು, "ರೀ, ನಾನು ಓದಿದ್ದಲ್ಲ, ದೊಡ್ಡ ಡಾಕ್ಟ್ರೇ ಹೇಳಿದ್ದು ಅಂದ್ರೆ ಇವರು ನಂಬ್ತಾರಲ್ವಾ?"

ನಂಬುತ್ತಾರೆ ಕಣೇ ಎಂದಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡಿ.

ಇಂತಿ,
ಎರಡೂ ಕಣ್ಣು ನೆಟ್ಟಗಿದ್ದೂ ನಿದ್ದೆ ಹತ್ತದ
ಒಬ್ಬ ಫ್ರಿಜ್ ರಿಪೇರಿಯವನು