ಪಂಕ್ಚರ್ ಹಾಕಿದ ಜರ್ಮನ್ ನೋಟು

ಕೋಲಾರ
17 ನವೆಂಬರ್ 2025, ಸೋಮವಾರ

ಪ್ರೀತಿಯ ಅಜ್ಜಿಗೆ ನಿನ್ನ ಶ್ರುತಿ ಮಾಡುವ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಮದನಪಲ್ಲಿಯಲ್ಲಿ ಆಗಲೇ ಚಳಿ ಹಿಡಿದಿದೆ ಎಂದು ಅತ್ತೆ ಹೇಳಿದರು. ಎದ್ದ ಕೂಡಲೇ ತಣ್ಣೀರಿಗೆ ಕೈ ಹಾಕಬೇಡ, ಅವರ ಮನೆಯಲ್ಲಿ ಗೀಸರ್ ಇರುವುದು ನೋಡುವುದಕ್ಕಲ್ಲ. ಫೋನ್ ಮಾಡಿದರೆ ನೀನು "ಆಂ? ಆಂ?" ಅನ್ನುತ್ತೀಯ, "ಉಂಡ್ಯೇನೇ?" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕೈಗೆ ಕೊಟ್ಟುಬಿಡುತ್ತೀಯ. ಕಿವಿಯ ಮೆಷಿನ್ನು ಕೊಡಿಸಿದರೆ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದೀಯಂತೆ. ಇನ್ನು ನಿನಗೆ ಕಾಗದವೇ ಗತಿ. ಕನ್ನಡಕ ಹಾಕಿಕೊಂಡು, ಬಿಸಿಲು ಬೀಳುವ ಕಡೆ ಕೂತು, ನಿಧಾನವಾಗಿ ಓದು. ಯಾರಿಗೂ ಏನೂ ಆಗಿಲ್ಲ, ಒಳ್ಳೆಯ ಸುದ್ದಿಯೇ, ಗಾಬರಿ ಬೇಡ.

ವಿಷಯ ಆ ಜರ್ಮನ್ ನೋಟುಗಳದ್ದು. ಕಾಗದ ಎಸೆಯಬೇಡ ಅಜ್ಜಿ, ಓದು. ಅವುಗಳ ಹೆಸರೆತ್ತಿದರೆ ನಿನ್ನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ತಾತ ನಂಗಲಿಯ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಕಾಲದಲ್ಲಿ, ಮದ್ರಾಸಿನ ಕಡೆಯಿಂದ ವ್ಯಾನಿನಲ್ಲಿ ಬಂದ ಒಬ್ಬ ಜರ್ಮನ್ ಮುದುಕನ ಎರಡು ಟೈರು ಒಟ್ಟಿಗೆ ಹೋದವಂತೆ. ತಾತ ಅರ್ಧ ದಿನ ಕೂತು ಸರಿಮಾಡಿಕೊಟ್ಟರು, ನೀನು ರಾಗಿ ಮುದ್ದೆ, ಹುರುಳಿ ಸಾರು ಬಡಿಸಿದೆ. ಮುದುಕ ಹೊರಡುವಾಗ ಅಂಗಡಿಯ ಮುಂದೆ ಆಡುತ್ತಿದ್ದ ಇಬ್ಬರು ಹುಡುಗರಿಗೆ, ಅಂದರೆ ನನ್ನ ಅಪ್ಪನಿಗೂ ಚಿಕ್ಕಪ್ಪನಿಗೂ, ತನ್ನ ಪುಸ್ತಕದ ನಡುವೆ ಇಟ್ಟಿದ್ದ ಏಳು ಹಳೆಯ ನೋಟುಗಳನ್ನು ಕೊಟ್ಟ. ಆರು ಪುಟ್ಟವು, ಬಣ್ಣಬಣ್ಣದ ಚಿತ್ರಗಳಿದ್ದವು. ಏಳನೆಯದು ದೊಡ್ಡದು, ಒಂದೇ ಮಗ್ಗುಲಲ್ಲಿ ಅಚ್ಚಾದದ್ದು, ಐದರ ಮುಂದೆ ಸೊನ್ನೆಗಳ ಸಾಲು. ಐದು ಕೋಟಿ ಮಾರ್ಕ್.

ಆಮೇಲಿನದನ್ನು ನೀನು ಕಣ್ಣಾರೆ ಕಂಡವಳು. ಹನ್ನೆರಡು ವರ್ಷದ ಹಿಂದೆ ಪಾಲಾದಾಗ ಹಸು, ಹೊಲ, ಹಂಡೆ ಎಲ್ಲ ಹಂಚಿಕೊಂಡು, ಕೊನೆಗೆ ಪುಟ್ಟ ನೋಟುಗಳನ್ನೂ ನನಗೊಂದು ನಿನಗೊಂದು ಎಂದು ಮೂರು ಮೂರು ತೆಗೆದುಕೊಂಡರು. ದೊಡ್ಡದು ಹಿರಿಯನಿಗಿರಲಿ ಎಂದು ಅಪ್ಪನ ಕೈಸೇರಿತು. ಚಿಕ್ಕಪ್ಪ ಆಗ ಏನೂ ಅನ್ನಲಿಲ್ಲ. ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಯಾರೋ ಐದು ಕೋಟಿಯನ್ನು ರೂಪಾಯಿಗೆ ಗುಣಿಸಿ ತೋರಿಸಿದ ಮೇಲೆ ಅವರಿಗೆ ನಿದ್ದೆ ಹೋಯಿತು. ಅದೇ ಸಮಯಕ್ಕೆ ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿ ಅಂಗಡಿಗೆ ಶಟರ್ ಹಾಕಿಸಿ, ಹೊಸ ಟೈರುಗಳನ್ನು ತುಂಬಿದರು. "ನೋಟು ಮಾರಿಯೇ ಮಾಡಿದ್ದು, ಇದ್ದರೆ ತೋರಿಸಲಿ" ಎಂದರು ಚಿಕ್ಕಪ್ಪ. "ನನ್ನನ್ನೇ ನಂಬದವನಿಗೆ ಯಾಕೆ ತೋರಿಸ್ಲಿ" ಎಂದರು ಅಪ್ಪ. ಒಂದೇ ಅಂಗಳದಲ್ಲಿ ಇಬ್ಬರು ಮಕ್ಕಳು ಮುಖ ತಿರುಗಿಸಿಕೊಂಡು ಓಡಾಡುವುದನ್ನು ನೋಡಲಾರದೆ ನೀನು ಮಗಳ ಮನೆ ಸೇರಿದೆ. ಅಮ್ಮನೂ ಚಿಕ್ಕಮ್ಮನೂ ಮಾತ್ರ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಎಂದಿನಂತೆ ಮಾತಾಡಿಕೊಂಡೇ ಇದ್ದರು. ಇದು ನಿನ್ನ ಇಬ್ಬರು ಮಕ್ಕಳಿಗೂ ಗೊತ್ತಿಲ್ಲ, ನೀನೂ ಹೇಳಬೇಡ.

ಈಗ ನಡೆದದ್ದು ಕೇಳು. ನಮ್ಮ ಬ್ಯಾಂಕಿನ ನನ್ನ ಕೌಂಟರಿಗೆ ಕದಿರೇಶ ಎನ್ನುವ ಒಬ್ಬರು ಬರುತ್ತಾರೆ. ಕೆ.ಜಿ.ಎಫ್. ಕಡೆಯವರು, ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ದುಡ್ಡು ತೆಗೆಯಲು ಬಂದರೆ ಹೊಸ ಕಟ್ಟಿನಲ್ಲಿ ಒಳ್ಳೆಯ ನಂಬರಿನ ನೋಟು ಇದೆಯಾ ಎಂದು ಚಿಕ್ಕ ಮಕ್ಕಳ ಹಾಗೆ ಕತ್ತು ಚಾಚುತ್ತಾರೆ. ಹಳೆಯ ನೋಟು ಕೂಡಿಡುವ ಹುಚ್ಚು. ಒಂದು ದಿನ ಕ್ಯೂ ಇರಲಿಲ್ಲ, ನಮ್ಮ ನೋಟುಗಳ ಮಾತು ತೆಗೆದೆ. ಅವರು ಕೌಂಟರಿಗೆ ಒರಗಿಕೊಂಡು ದೊಡ್ಡ ಪಾಠವನ್ನೇ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಜರ್ಮನಿಯಲ್ಲಿ ಚಿಲ್ಲರೆಯೇ ಇಲ್ಲವಾಗಿ, ಊರೂರೂ ತನ್ನದೇ ಪುಟ್ಟ ನೋಟು ಅಚ್ಚು ಹಾಕಿಸಿತಂತೆ. ಚಿತ್ರಗಳು ಎಷ್ಟು ಚೆನ್ನಾಗಿದ್ದವೆಂದರೆ ಜನ ಖರ್ಚು ಮಾಡದೆ ಆಗಲೇ ಕೂಡಿಡಲು ಶುರುಮಾಡಿದರಂತೆ. ಆರು ನೋಟು ಸೇರಿದರೆ ಒಂದು ಕಥೆ. "ಅರ್ಧ ಸೆಟ್ಟು ಅಂದ್ರೆ ಜೋಡಿ ಕಳ್ಕೊಂಡ ಚಪ್ಪಲಿ ಕಣಮ್ಮಾ. ಎಲ್ಲಾ ಒಟ್ಟಿಗೆ ತನ್ನಿ, ಆಮೇಲೆ ಬೆಲೆ ಹೇಳ್ತೀನಿ" ಎಂದರು.

ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ನಿನ್ನೆ ಹಳೆಯ ನಾಣ್ಯ, ನೋಟುಗಳ ಪ್ರದರ್ಶನವಿತ್ತು. ಕದಿರೇಶ ಮೇಷ್ಟ್ರಿಗೂ ಒಂದು ಮೇಜು ಕೊಟ್ಟಿದ್ದರು. ನಾನೂ ಚಿಕ್ಕಪ್ಪನ ಮಗ ವೇಣುವೂ ಸೇರಿ ಒಂದು ಉಪಾಯ ಮಾಡಿದೆವು. ನಾನು ಅಪ್ಪನಿಗೆ, ಅವನು ಚಿಕ್ಕಪ್ಪನಿಗೆ, "ನೋಟು ತನ್ನಿ, ಬಿಟ್ಟಿಯಾಗಿ ಬೆಲೆ ಕಟ್ಟುತ್ತಾರೆ" ಎಂದಷ್ಟೇ ಹೇಳಿದೆವು. ಸುಳ್ಳಲ್ಲ. ಇನ್ನೊಬ್ಬರು ಬರುತ್ತಾರೆಂದು ಮಾತ್ರ ಹೇಳಲಿಲ್ಲ.

ಅಪ್ಪ ಮೊದಲು ಬಂದು ಕೂತರು. ಚಿಕ್ಕಪ್ಪ ಬಾಗಿಲಲ್ಲೇ ನೋಡಿ ಹಿಂದಕ್ಕೆ ತಿರುಗಿದರು. ವೇಣು ಆರಡಿ ಇದ್ದಾನಲ್ಲ, ಬಾಗಿಲಿಗೆ ಅಡ್ಡ ನಿಂತುಬಿಟ್ಟ. "ಅಪ್ಪಾ, ಇಷ್ಟು ದೂರ ಬಂದಿದೀವಿ, ಬೆಲೆ ಕೇಳ್ಕೊಂಡು ಹೋಗಣ." ಚಿಕ್ಕಪ್ಪ ಗೊಣಗುತ್ತಾ ಬಂದು ಮೇಜಿನ ಆ ತುದಿಯಲ್ಲಿ ಕೂತರು. ಅಪ್ಪ ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚುಗಳನ್ನು ನೋಡುತ್ತಿದ್ದರು. ಇಬ್ಬರೂ ಎದ್ದು ಹೋದರೆ ಇನ್ನು ಈ ಜನ್ಮಕ್ಕೆ ಮುಗಿಯಿತು ಅನ್ನಿಸಿತು.

ಮೇಷ್ಟ್ರು ಇದಾವುದನ್ನೂ ಗಮನಿಸದೆ, ಎರಡೂ ಕಡೆಯ ಮೂರು ಮೂರು ನೋಟು ತೆಗೆದುಕೊಂಡು ಮೇಜಿನ ಮೇಲೆ ಸಾಲಾಗಿ ಜೋಡಿಸತೊಡಗಿದರು. ಮೊದಲು, ಟಗರೊಂದು ಚರ್ಚಿನ ಗೋಪುರದ ಮೆಟ್ಟಿಲು ಹತ್ತುತ್ತಿರುವ ಚಿತ್ರ. ಕೊನೆಗೆ, ಟಗರು ಕೆಳಗೆ ಹುಲ್ಲು ಮೇಯುತ್ತಿದೆ, ಊರಿನವರೆಲ್ಲ ಗೋಪುರದ ಮೇಲೆ ಸಿಕ್ಕಿಹಾಕಿಕೊಂಡು ಕೈ ಬೀಸುತ್ತಿದ್ದಾರೆ. ನಾನು ಆರನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೆಳಗಿನ ಜರ್ಮನ್ ಸಾಲುಗಳನ್ನು ತಡವರಿಸಿ ಓದಿ ಮೇಷ್ಟ್ರು ಹೇಳಿದರು, "ಟಗರು ಗೋಪುರ ಹತ್ತಿತು. ಅದನ್ನ ಇಳಿಸೋಕೆ ಊರೆಲ್ಲಾ ಹತ್ತಿತು. ಟಗರು ತಾನೇ ಇಳಿದು ಬಂತು, ಊರು ಮೇಲೇ ಉಳೀತು. ತಮಾಷೆ."

ಚಿಕ್ಕಪ್ಪ ಯಾರನ್ನೂ ನೋಡದೆ ಹೇಳಿದರು, "ಕಥೆ ತಲೆಕೆಳಗಾಯ್ತು."

ಅಪ್ಪ ಸ್ವಿಚ್ಚುಗಳಿಂದ ಕಣ್ಣು ತೆಗೆದರು. "ಹೌದು, ಟಗರು ಹತ್ತೋದು ಕೊನೇದು."

"ಇಲ್ಲ ಸಾರ್, ಒಂದು ಅಂತ ನಂಬರೇ ಅಚ್ಚಾಗಿದೆ ನೋಡಿ" ಎಂದರು ಮೇಷ್ಟ್ರು.

"ನಂಬರ್ ಬಿಡಿ ಸಾರ್" ಎಂದು ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಮುಂದೆ ಬಂದರು. "ಮೋಡ ಬಂತಾ ಅಂತ ನೋಡಾಕೆ ಜನ ಮೇಲಕ್ಕೆ ಹತ್ತಿದ್ರು, ಇಳಿಯಾಕೆ ಗೊತ್ತಾಗಲಿಲ್ಲ. ಟಗರು ಹೋಗಿ ಎಲ್ಲಾರ್ನೂ ಇಳಿಸ್ಕೊಂಡು ಬಂತು. ನಮ್ಮಪ್ಪ ಹಂಗೇ ಹೇಳಿದ್ದು. ಮೇಲೆ ಹೋಗಿ ಆ ಟಗರು ಏನೋ ಅನ್ನುತ್ತಲ್ಲ... ಏನಂತಣ್ಣಾ ಅದು?"

ಅಣ್ಣಾ ಎಂದಿದ್ದು ಅವರಿಗೇ ತಿಳಿಯಲಿಲ್ಲ. ವೇಣು ನನ್ನ ಕೈ ಹಿಡಿದು ಎಷ್ಟು ಜೋರಾಗಿ ಅಮುಕಿದನೆಂದರೆ ಬಳೆ ಒಡೆಯಿತು. ಅಪ್ಪ ತಾತನ ಗಂಟಲಲ್ಲೇ ಹೇಳಿದರು, "ನಾ ತೋಕ ಪಟ್ಟುಕೋಂಡ್ರಾ!" ನನ್ನ ಬಾಲ ಹಿಡಿದುಕೊಳ್ಳಿರೋ! ಜರ್ಮನಿಯ ಟಗರು ಅಚ್ಚ ನಂಗಲಿ ತೆಲುಗು ಮಾತಾಡಿತು. ಚಿಕ್ಕಪ್ಪ ಮೇಜು ಗುದ್ದಿ ನಕ್ಕರು. ಅಪ್ಪನೂ ನಕ್ಕರು. ಮೇಷ್ಟ್ರು ಪುಸ್ತಕ ತೆರೆದು ಸಾಕ್ಷಿ ತೋರಿಸಲು ಹೋದರೆ ಅಣ್ಣತಮ್ಮಂದಿರು ಒಂದೇ ಪಕ್ಷವಾಗಿ ಅವರ ಮೇಲೆ ಬಿದ್ದರು. ನಮ್ಮಪ್ಪ ಹೇಳಿದ್ದೇ ಸರಿ, ಅಚ್ಚು ಹಾಕಿದವನೇ ನಂಬರ್ ತಪ್ಪು ಹಾಕಿದ್ದಾನೆ! ಆರನ್ನೂ ಹಿಂದುಮುಂದಾಗಿ ತಾವೇ ಜೋಡಿಸಿಟ್ಟರು.

ನಗು ಇಳಿದ ಮೇಲೆ ಅಪ್ಪ, ಯಾರೂ ಕೇಳದೆಯೇ, ಅಂಗಿಯ ಒಳಜೇಬಿನಿಂದ ಐದು ಕೋಟಿಯ ನೋಟು ತೆಗೆದು ಚಿಕ್ಕಪ್ಪನ ಮುಂದಿಟ್ಟರು. ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, "ಅಸಲಿಯೇ. ಸಾವಿರದ ಒಂಬೈನೂರ ಇಪ್ಪತ್ಮೂರು. ಅಚ್ಚಾದ ಎರಡೇ ತಿಂಗಳಿಗೆ ಇದಕ್ಕೆ ಒಂದು ಬ್ರೆಡ್ಡೂ ಬರ್ತಿರಲಿಲ್ಲ. ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ರು, ಈಗಲೂ ಬೇಕಾದಷ್ಟು ಸಿಗುತ್ತೆ. ಒಂದು ಮುನ್ನೂರು ರೂಪಾಯಿ ಬರಬಹುದು" ಎಂದರು.

ಚಿಕ್ಕಪ್ಪನ ಮುಖ ಕಿವಿಯವರೆಗೂ ಕೆಂಪಾಯಿತು. "ಅಣ್ಣಾ, ನಾನು..." ಎಂದರು. "ಬಿಡ್ಲಾ ಕಾಂತಾ" ಎಂದರು ಅಪ್ಪ, "ನಾನೂ ಅವತ್ತೇ ಮುಖಕ್ಕೆ ಎಸೀಬೇಕಿತ್ತು, ಜಂಬ ಬಿಡಲಿಲ್ಲ." ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು, "ಮೊನ್ನೆ ನನ್ನ ಒಂದು ಬಾಕ್ಸ್ ಟೊಮ್ಯಾಟೊ ಇದಕ್ಕಿಂತ ಜಾಸ್ತಿಗೆ ಹೋಯ್ತಲ್ಲಣ್ಣಾ." ಆಗ ಮೇಷ್ಟ್ರೂ ಸೇರಿ ಮೂರೂ ಜನ ನಕ್ಕ ನಗುವಿಗೆ ಪಕ್ಕದ ಮೇಜಿನವರು ಎದ್ದುನಿಂತು ನೋಡಿದರು.

ಇನ್ನೊಂದು ಹೇಳಲೇಬೇಕು. ಮೇಷ್ಟ್ರು ನಾಲ್ಕನೆಯ ಪುಟ್ಟ ನೋಟನ್ನು ತಿರುಗಿಸಿದರು, ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಹರಿದ ಜಾಗಕ್ಕೆ ಹಿಂದಿನಿಂದ ಕಪ್ಪು ಟ್ಯೂಬಿನ ಗುಂಡನೆಯ ತುಂಡು! ಚಿಕ್ಕವರಿದ್ದಾಗ ಇಬ್ಬರೂ ಎಳೆದಾಡಿ ಹರಿದು ಅತ್ತರಂತೆ, ತಾತ ಟ್ಯೂಬಿನ ತುಂಡನ್ನು ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಟ್ಯೂಬಿಗೆ ಹಾಕಿದ ಹಾಗೆಯೇ ಪಂಕ್ಚರ್ ಹಾಕಿಕೊಟ್ಟಿದ್ದರಂತೆ. ನಿನಗೆ ನೆನಪಿದೆಯಾ? "ಗೋಂದು ಹಚ್ಚಿದ್ದು ನೋಡಿದೀನಿ, ಟೇಪ್ ಅಂಟಿಸಿದ್ದು ನೋಡಿದೀನಿ. ಪಂಕ್ಚರ್ ಹಾಕಿದ ನೋಟು ನನ್ನ ಜೀವಮಾನದಲ್ಲೇ ನೋಡಿಲ್ಲ" ಎಂದರು ಮೇಷ್ಟ್ರು. ಚೆನ್ನಾಗಿದ್ದ ಸೆಟ್ಟಾದರೆ ಎರಡು ಮೂರು ಸಾವಿರ, ಇದರಿಂದ ಬೆಲೆ ಬಿತ್ತು ಎಂದವರು, ಅದೇ ಬಾಯಲ್ಲಿ, "ಈ ಒಂದನ್ನ ನನಗೆ ಕೊಡಿ, ಐದು ಸಾವಿರ ಕೊಡ್ತೀನಿ" ಎಂದರು. ಅಪ್ಪ "ಇಲ್ಲ" ಎಂದರು. ಚಿಕ್ಕಪ್ಪ ಅದಕ್ಕೂ ಮೊದಲೇ ನೋಟಿನ ಮೇಲೆ ಕೈ ಇಟ್ಟಾಗಿತ್ತು.

ಮಧ್ಯಾಹ್ನ ಎಲ್ಲರೂ ಹೋಟೆಲಿನಲ್ಲಿ ಊಟ ಮಾಡಿದೆವು. ಮೇಷ್ಟ್ರನ್ನೂ ಎಳೆದುಕೊಂಡು ಹೋದರು. ಬಿಲ್ಲು ಕೊಡಲು ಅಣ್ಣತಮ್ಮಂದಿರು ಮಾಡಿದ ಜಗಳಕ್ಕೆ ಹೋಟೆಲಿನವನೇ ಹೆದರಿದ. ಇವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿ, ಅಪ್ಪ ಕಾಫಿ ಲೋಟ ಹಿಡಿದುಕೊಂಡು ಚಿಕ್ಕಪ್ಪನ ಜಗುಲಿಗೆ ಹೋದವರು ಇನ್ನೂ ಬಂದಿಲ್ಲ, ಅಂಗಡಿ ತೆಗೆದಿಲ್ಲ ಎಂದು ದೂರು ಹೇಳಿದಳು. ದೂರು ಹೇಳುವಾಗ ಅವಳ ದನಿ ಕೇಳಬೇಕಿತ್ತು ನೀನು.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು. ಚಿಕ್ಕಮ್ಮ ಈ ಸಲದ ರೇಷ್ಮೆಗೂಡು ಚೆನ್ನಾಗಿ ಬಂತು ಎಂದು ಹೇಳಲು ಹೇಳಿದ್ದಾಳೆ. ಮಾತ್ರೆ ಬಿಡಬೇಡ. ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ಮುದ್ದಿನ ಮೊಮ್ಮಗಳು,
ಶ್ರುತಿ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ವೇಣು ಫೋನ್ ಮಾಡಿದ. ಬರುವ ಭಾನುವಾರ ಇಬ್ಬರೂ ಕಾರು ಮಾಡಿಕೊಂಡು ನಿನ್ನನ್ನು ಕರೆತರಲು ಬರುತ್ತಾರಂತೆ. ನಿನಗೆ ಹೇಳಬಾರದಂತೆ, ಆದ್ದರಿಂದ ನೋಡಿದ ಕೂಡಲೇ ಆಶ್ಚರ್ಯಪಡು, ಆದರೆ ಸೀರೆಗಳನ್ನು ಇವತ್ತೇ ಕಟ್ಟಿಡು. ನೀನು ಯಾರ ಮನೆಯಲ್ಲಿರಬೇಕು ಎಂದು ಆಗಲೇ ಜಗಳ ಶುರುವಾಗಿದೆ. ಅಪ್ಪ ಮಂಚಕ್ಕೆ ಹೊಸ ಹಾಸಿಗೆ ತಂದಿದ್ದಾರೆ, ಚಿಕ್ಕಪ್ಪ ಬಿಸಿನೀರಿನ ಹಂಡೆ ಹೂಡಿಸುತ್ತಿದ್ದಾರೆ. ಕಾರು ಹತ್ತುವ ಮೊದಲೇ ಯೋಚಿಸಿ ತೀರ್ಮಾನ ಹೇಳಿಬಿಡು ಅಜ್ಜಿ, ನಿನ್ನ ಮಾತು ಬಿಟ್ಟರೆ ಇಬ್ಬರೂ ಯಾರ ಮಾತೂ ಕೇಳುವವರಲ್ಲ.